ಮೈದಾನದ ನಡುವೆ ಬಾಯಿ ಬಿಟ್ಟ ದಿನ

ಅಪ್ಪನಿಗೆ ಹೈದರಾಬಾದಿನ ರಕ್ಷಣಾ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸ ಸಿಕ್ಕಾಗ ನನಗೆ ಒಂಬತ್ತು ವರ್ಷ. ಬಾಗಲಕೋಟೆಯಿಂದ ಬಂದ ನನಗೆ ತೆಲುಗು ಬಾರದು, ಹಿಂದಿ ಅರೆಬರೆ. ಶಾಲೆಯಲ್ಲಿ ಹಾಜರಿ ಕರೆದಾಗ ಬಿಟ್ಟರೆ ಬಾಯಿಯೇ ತೆರೆಯುತ್ತಿರಲಿಲ್ಲ. ಸಂಜೆ ಮಾತ್ರ ನಾವಿದ್ದ ಕಾರ್ಖಾನೆ ಕಾಲನಿಯ ಮೈದಾನಕ್ಕೆ ಓಡುತ್ತಿದ್ದೆ. ಫುಟ್‌ಬಾಲ್ ಆಡಲು ಭಾಷೆ ಬೇಕಿಲ್ಲ ಅಂದುಕೊಂಡಿದ್ದೆ.

ಅದು ತಪ್ಪಾಗಿತ್ತು. ನಮಗೆ ಆಟ ಕಲಿಸುತ್ತಿದ್ದವರು ಕಾರ್ಖಾನೆಯ ತಂಡದಲ್ಲಿ ಆಡಿ ನಿವೃತ್ತರಾದ ಒಬ್ಬ ಹಿರಿಯರು, ಎಲ್ಲರಿಗೂ ಚಾಚಾ. ನನ್ನ ಓಟ ನೋಡಿ ಮಿಡ್‌ಫೀಲ್ಡಿಗೆ ಹಾಕಿದರು, ವಾರದೊಳಗೆ ತೆಗೆದು ಹೊರಗೆ ಕೂರಿಸಿದರು. "ಚುಪ್ ನಕ್ಕೋ ಬೈಠೋ ಮಿಯಾ" ಅಂದರು, ಬಾಯಿ ಮುಚ್ಚಿಕೊಂಡು ಇರಬೇಡ ಅಂತ. ನಡುವೆ ಆಡುವವನೇ ಸುಮ್ಮನಿದ್ದರೆ ಉಳಿದವರು ಕುರುಡರ ಹಾಗೆ ಆಡಬೇಕಾಗುತ್ತದೆ ಎಂಬುದು ಅವರ ಮಾತು.

ಮುಂದಿನ ಭಾನುವಾರದ ಪಂದ್ಯದಲ್ಲಿ ಒಬ್ಬನ ಕಾಲು ಉಳುಕಿತು, ನನ್ನನ್ನು ಇಳಿಸಲೇಬೇಕಾಯಿತು. ಎಡಗಡೆ ನನ್ನ ಮುಂದೆ ಯಾರೂ ಇರಲಿಲ್ಲ. ಚೆಂಡು ಇದ್ದವನು ನನ್ನತ್ತ ನೋಡುತ್ತಲೇ ಇಲ್ಲ. ತಡೆಯಲಾರದೆ ಊರಲ್ಲಿ ಕೂಗಿದ ಹಾಗೆ ಕೂಗಿಬಿಟ್ಟೆ:

"ಏ, ಇಕ್ಕಡೆ ಕೊಡೋ! ಇಕ್ಕಡೆ!"

ತೆಲುಗಿನಲ್ಲಿ 'ಇಕ್ಕಡ' ಅಂದರೆ 'ಇಲ್ಲಿ' ಎಂದು ನನಗಾಗ ಗೊತ್ತಿರಲಿಲ್ಲ. ಚೆಂಡು ನೇರವಾಗಿ ಕಾಲಿಗೆ ಬಂತು. ಗೋಲೇನೂ ಆಗಲಿಲ್ಲ, ನಾನು ಹೊಡೆದದ್ದು ಕಂಬದ ಪಕ್ಕದಿಂದ ಹೋಯಿತು. ಆದರೆ ಆಟ ಮುಗಿಯುವವರೆಗೂ ಕೂಗುತ್ತಲೇ ಇದ್ದೆ. ಮನೆಗೆ ಬಂದಾಗ ಗಂಟಲು ಕಟ್ಟಿತ್ತು.

"ಯಾರ ಜೋಡಿ ಜಗಳಾಡಿ ಬಂದಿ?" ಅಂದಳು ಅವ್ವ.

"ಜಗಳ ಅಲ್ಲಬೇ, ಮಾತಾಡಿ ಬಂದೀನಿ."

ನಾನು ಡಿಗ್ರಿ ಮುಗಿಸುವ ಹೊತ್ತಿಗೆ ನಗರದಂಚಿನ ಕೊಂಡಾಪುರದ ಕಡೆ ಬಂಡೆ ಒಡೆದು ಐಟಿ ಕಂಪನಿಗಳ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಕಾಲನಿಯಲ್ಲಿ ಮನೆಗೊಬ್ಬರು ಕಂಪ್ಯೂಟರ್ ಕೋರ್ಸು ಸೇರಿದರು. ಅಪ್ಪನೂ ನನಗೊಂದು ಅರ್ಜಿ ತಂದಿಟ್ಟ. ಅದೇ ವಾರ, ಕಾಲೇಜು ಪಂದ್ಯಗಳಲ್ಲಿ ನನ್ನ ಆಟ ನೋಡಿದ್ದ ಗೋವಾದ ಫುಟ್‌ಬಾಲ್ ಕ್ಲಬ್ಬೊಂದರಿಂದ ಕರೆ ಬಂತು. ಎರಡು ವರ್ಷದ ಒಪ್ಪಂದ, ಸಂಬಳ, ಇರಲು ಕೋಣೆ.

"ಕಾಲಿಗೆ ಏನರೆ ಆದ್ರ?" ಅಪ್ಪ ಕೇಳಿದ.

"ಆವಾಗ ಕಂಪ್ಯೂಟರ್ ಕಲೀತೀನಿ."

"ಅಷ್ಟರಾಗ ಎಲ್ಲಾರೂ ಮುಂದ ಹೋಗಿರ್ತಾರ."

ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು. "ನಾವು ಊರು ಬಿಟ್ಟು ಬಂದಾಗ ನಮಗರ ಏನ್ ಗೊತ್ತಿತ್ತರಿ? ಹೋಗ್ಲಿ ಬಿಡ್ರಿ."

ಅಪ್ಪ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡ. ಆಮೇಲೆ, "ಎರಡ ವರ್ಷ. ಆಮ್ಯಾಲ ನೋಡೂಣು" ಅಂದ.

ಮೊದಲ ವರ್ಷವಿಡೀ ಬೆಂಚಿನ ಮೇಲೇ ಕೂತಿದ್ದೆ. ಎರಡನೆಯ ವರ್ಷ, ಕೊನೆಯ ಇಪ್ಪತ್ತು ನಿಮಿಷಕ್ಕೆಂದು ನನ್ನನ್ನು ಇಳಿಸಿದ ದಿನ ಅಪ್ಪ ರಜೆ ಹಾಕಿ ಬಂದು ಗ್ಯಾಲರಿಯಲ್ಲಿ ಕೂತಿದ್ದ. ನಾವು ಗೆದ್ದೆವು. ಅಪ್ಪನನ್ನು ರೈಲು ಹತ್ತಿಸಲು ಹೋದೆ. ಕಿಟಕಿಯಿಂದ ಬಗ್ಗಿ, "ಆ ಆಫ್‌ಸೈಡ್ ಅಂದ್ರ ಏನು, ಬರೋಬ್ಬರಿ ಹೇಳು" ಅಂದ. ರೈಲು ಬಿಡುವವರೆಗೂ ಹೇಳಿದೆ. ಅವನಿಗೆ ಪೂರ್ತಿ ತಿಳಿಯಲಿಲ್ಲ. ಆದರೆ ಅಂದಿನಿಂದ ಕಂಪ್ಯೂಟರಿನ ಸುದ್ದಿ ಎತ್ತಲಿಲ್ಲ.

ಎಂಟು ವರ್ಷ ಆಡಿದೆ. ರಾಷ್ಟ್ರೀಯ ತಂಡದ ಶಿಬಿರಕ್ಕೆ ಒಮ್ಮೆ ಕರೆದರು, ಆಯ್ಕೆಯಾಗಲಿಲ್ಲ. ಆ ನೋವು ಆರಲು ಒಂದು ವರ್ಷ ಹಿಡಿಯಿತು. ಕೊನೆಗೆ ಮಂಡಿ ಕೈಕೊಟ್ಟಿತು. ಹೈದರಾಬಾದಿಗೆ ಮರಳಿ ತರಬೇತುದಾರರ ಪರೀಕ್ಷೆ ಕಟ್ಟಿ ಪಾಸಾದೆ.

ಈಗ ಗಚ್ಚಿಬೌಲಿಯ ಒಂದು ಬಾಡಿಗೆ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ ಐಟಿ ಕಚೇರಿಗಳ ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತೇನೆ. ಮೊದಲು ಐದೇ ಮಂದಿ ಬಂದಿದ್ದರು. ಈಗ ಎರಡು ತಂಡಕ್ಕಾಗುವಷ್ಟು ಜನ. ಕಳೆದ ವಾರ ಮಂಗಳೂರಿನ ಹುಡುಗಿಯೊಬ್ಬಳು ತನ್ನ ಮೊದಲ ಗೋಲು ಹೊಡೆದಳು. ಆ ಖುಷಿಯಲ್ಲಿ ಆಟದ ಬೂಟಿನಲ್ಲೇ ಕ್ಯಾಬ್ ಹತ್ತಿ ಕಚೇರಿಗೆ ಹೋಗಿಬಿಟ್ಟಳು. ಅವಳ ಚಪ್ಪಲಿಗಳು ಮೈದಾನದ ಗೆರೆಯ ಪಕ್ಕ ಉಳಿದಿದ್ದವು. ನಾನೇ ಬೈಕಿನಲ್ಲಿ ಹೋಗಿ ಅವಳ ಕಚೇರಿಯ ಗೇಟಿನಲ್ಲಿ ಕೊಟ್ಟುಬಂದೆ.