ಬೆಲ್ಲದ ಪೆಂಟಿಯ ಹಿಂದಿನ ಬಾಟಲಿ

ತೊಗರಿಬೇಳೆ, ಅದರ ಪಕ್ಕದಲ್ಲಿ ಕೊಬ್ಬರಿ ಎಣ್ಣೆ, ಅದರ ಪಕ್ಕದಲ್ಲಿ ಪೋರ್ಟ್ ವೈನ್, ಆಮೇಲೆ ಬಟ್ಟೆ ತೊಳೆಯುವ ಸಾಬೂನು. ಕಳೆದ ದೀಪಾವಳಿ ಸೂಟಿಯಲ್ಲಿ ಗೋವಾದ ಒಂದು ಕಿರಾಣಿ ಅಂಗಡಿಗೆ ನೀರಿನ ಬಾಟಲಿ ಕೊಳ್ಳಲು ಹೋಗಿ ನಾನು ಕಂಡ ಸಾಲು ಇದು. ನನ್ನ ಮುಂದೆ ಫ್ರಾಕು ತೊಟ್ಟ ಒಬ್ಬ ಮುದುಕಿ ನಿಂತಿದ್ದಳು. ಪಾವ್ ಬ್ರೆಡ್ಡು, ಉಳ್ಳಾಗಡ್ಡಿ, ಒಂದು ಬಾಟಲಿ ವೈನು, ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಯಾರಿಗೆ, ಯಾಕೆ ಎಂದು ಅಂಗಡಿಯವನು ಕೇಳಲಿಲ್ಲ. ಪೇಪರು ಸುತ್ತಲಿಲ್ಲ. ನೀವಾಗಿದ್ದರೆ ಇದೇನು ಮಹಾ ಎಂದು ಮುಂದೆ ಹೋಗುತ್ತಿದ್ದಿರಿ. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟು ಏರಿತು. ನೀರು ಕೊಳ್ಳುವುದನ್ನೇ ಮರೆತೆ.

ಸಿಟ್ಟು ನನಗೆ ಹೊಸದೇನಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ. "ಇಕಿ ಇದ್ದಲ್ಲಿ ಒಲಿ ಯಾಕ ಬೇಕು, ತಲಿ ಮ್ಯಾಲಽ ರೊಟ್ಟಿ ಸುಡಬಹುದು" ಎಂದು ನಮ್ಮವ್ವ ಅನ್ನುತ್ತಿದ್ದಳು. ಬಸ್ಸಿನ ಕಂಡಕ್ಟರನ ಮೇಲೆ, ಹಾಲಿನವನ ಮೇಲೆ, ಕೆಲವೊಮ್ಮೆ ಬರೀ ಬಿಸಿಲಿನ ಮೇಲೆ ನಾನು ಸಿಟ್ಟಾದದ್ದುಂಟು. ಅವೆಲ್ಲ ಸಂಜೆಯೊಳಗೆ ಇಳಿಯುತ್ತವೆ. ಇದು ಇಳಿಯದ ಸಿಟ್ಟು. ಇದರ ಕಾರಣ ನಮ್ಮಕ್ಕ. ಆಕೆ ಆಗ ಆ ಅಂಗಡಿಯ ಹೊರಗೇ ಕಟ್ಟೆಯ ಮೇಲೆ ಸೊಂಟ ಹಿಡಿದುಕೊಂಡು ಕುಳಿತಿದ್ದಳು. ಸಮುದ್ರ ನೋಡಬೇಕೆಂದು ನಾವಿಬ್ಬರೇ ಬಂದಿದ್ದೆವು. ನೋಡಿದ ಮೇಲೆ, "ನಮ್ಮ ಹಿನ್ನೀರಿನಂಗಽ ಐತಿ, ಉಪ್ಪು ಒಂದು ಹೆಚ್ಚು" ಎಂದು ತೀರ್ಪು ಕೊಟ್ಟಿದ್ದಳು.

ನಮ್ಮ ಕಡೆ ಈ ವೈನು ಕಿರಾಣಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ ಎಂದುಕೊಳ್ಳಬೇಡಿ. ಸಿಗುತ್ತಿತ್ತು, ಆದರೆ ಕಾಣುತ್ತಿರಲಿಲ್ಲ. ಬೀಳಗಿ ಕಡೆಯ ನಮ್ಮೂರು ಕೃಷ್ಣೆಯ ಹಿನ್ನೀರಿಗೆ ಹೋದಾಗ ನಮ್ಮನ್ನು ಎತ್ತರದ ಹೊಸ ಊರಿಗೆ ಕಳಿಸಿದರು. ಅಲ್ಲಿ ಶಾಲೆಗಿಂತ ಮೊದಲು, ನಳಕ್ಕಿಂತ ಮೊದಲು ಕಿರಾಣಿ ಅಂಗಡಿ ಬಂತು. ಅಂಗಡಿಯೊಳಗೆ ಬೆಲ್ಲದ ಪೆಂಟಿಗಳು, ಅಂದರೆ ದೊಡ್ಡ ಅಚ್ಚುಗಳು, ಬಂದವು, ಪೆಂಟಿಗಳ ಹಿಂದೆ ಬಾಟಲಿಯೂ ಬಂದು ಕುಳಿತಿತು. ಅದನ್ನು ಹೆಸರು ಹಿಡಿದು ಕೇಳುವಂತಿಲ್ಲ. "ಬಾಣಂತಿ ಸಾಮಾನು ಕೊಡ್ರಿ" ಅನ್ನಬೇಕು. ಅಳವಿ, ಅಂಟು, ಉತ್ತತ್ತಿ, ಒಣಕೊಬ್ಬರಿ, ಗಸಗಸೆ ಎಲ್ಲ ತೂಗಿ ಕಟ್ಟಿದ ಮೇಲೆ ಸಾವಕಾರ ಒಳಗೆ ಕೈ ಹಾಕಿ, ಪೇಪರು ಸುತ್ತಿದ ಒಂದನ್ನು ಚೀಲದ ತಳಕ್ಕೆ ಇಳಿಸುತ್ತಿದ್ದ. ಹಡೆದವಳಿಗೆ ರಕ್ತ ತುಂಬುತ್ತದೆ, ಮೈ ಗಟ್ಟಿಯಾಗುತ್ತದೆ ಎಂಬ ನಂಬಿಕೆ. ತತ್ತಿ ಕಂಡರೆ ಮನೆ ತೊಳೆಸುವವರ ಮನೆಯಲ್ಲೂ ಅದು ದೇವರ ಗೂಡಿನ ಕೆಳಗಿನ ಕಪಾಟಿನಲ್ಲೇ ಇರುತ್ತಿತ್ತು.

ಅಕ್ಕನ ಮೊದಲಿನ ಎರಡೂ ಬಾಣಂತನ ತವರಿನಲ್ಲಿ, ಅಂದರೆ ನಮ್ಮ ಮನೆಯಲ್ಲೇ ಆದವು. ಮೊದಲನೆಯದು ಹಳೆಯ ಊರಲ್ಲಿ, ಎರಡನೆಯದು ಹೊಸದರಲ್ಲಿ. ವೈನ್ ಶಾಪಿನ ಮುಂದೆ ಹಾಯುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದ ಅವ್ವ, ದಿನಾ ಸಂಜೆ ಬಾಟಲಿಯ ಮುಚ್ಚಳದಿಂದ ಅಳೆದು, ಬಿಸಿನೀರು ಬೆರೆಸಿ, ಅಕ್ಕನಿಗೆ ಕುಡಿಸುತ್ತಿದ್ದಳು. ಅದಕ್ಕೂ ಮೊದಲು ನಮ್ಮ ಆಯಿ, ಅಂದರೆ ಅವ್ವನ ಅವ್ವ, "ಕೆಟ್ಟೈತೇನ ನೋಡ್ತೇನಿ ತಡಿ" ಎಂದು ಒಂದು ಗುಟುಕು ಪರೀಕ್ಷೆ ಮಾಡುತ್ತಿದ್ದಳು. ಆಯಿಯ ಪರೀಕ್ಷೆ ಬಾಟಲಿ ಮುಗಿಯುವವರೆಗೂ ಮುಗಿಯುತ್ತಿರಲಿಲ್ಲ. ಬಾಣಂತಿಗಿಂತ ಮೊದಲು ಆಯಿಯ ಕೆನ್ನೆಯೇ ಕೆಂಪಾಗಿತ್ತು.

ಮೂರನೆಯ ಹೆರಿಗೆಯ ಹೊತ್ತಿಗೆ ಅವ್ವ ತೀರಿಕೊಂಡಿದ್ದಳು, ಆಯಿಗೆ ಕಣ್ಣು ಕಾಣುತ್ತಿರಲಿಲ್ಲ. ಅಕ್ಕ ಬನಹಟ್ಟಿಯ ಗಂಡನ ಮನೆಯಲ್ಲೇ ಉಳಿದಳು. ಭಾವನದು ಪವರ್‌ಲೂಮಿನ ಮನೆ. ಮಗ್ಗದ ಸದ್ದಿನಲ್ಲಿ ಅಲ್ಲಿ ಎಲ್ಲರೂ ಕಿರುಚಿಯೇ ಮಾತಾಡುತ್ತಿದ್ದರು. ನಾನು ಜಮಖಂಡಿಯಲ್ಲಿ ಕಾಲೇಜು ಓದುತ್ತಿದ್ದೆ. ಸುದ್ದಿ ತಿಳಿದು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೂಸು ಹುಟ್ಟಿ, ಒಂದು ಹಗಲು ಬದುಕಿ, ಹೋಗಿಬಿಟ್ಟಿತ್ತು. ಮಣ್ಣೂ ಮಾಡಿ ಬಂದಿದ್ದರು.

ಕೂಸು ಹೋದದ್ದಕ್ಕೆ ನಾನು ಯಾರ ಮೇಲೂ ಸಿಟ್ಟಾಗಲಾರೆ. ಆಮೇಲಿನದು ಬೇರೆ. ಅಕ್ಕನಿಗೆ ಮಲಗಲು ಹೊರಸು ಹಾಕಲಿಲ್ಲ. ಎಣ್ಣೆ ಹಚ್ಚಲಿಲ್ಲ, ಬಿಸಿನೀರು ಹಾಕಲಿಲ್ಲ, ಕಿವಿಗೆ ಗಾಳಿ ಹೋಗದಂತೆ ತಲೆಗೆ ಬಟ್ಟೆ ಕಟ್ಟಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ದಿನವೇ ರಾಟಿಯ ಮುಂದೆ ಕೂಡಿಸಿ, ಮಗ್ಗಕ್ಕೆ ಕಂಡಿಕೆ ಸುತ್ತಲು ಹಚ್ಚಿದರು. ನೂಲು ಸುತ್ತುತ್ತ ಸುತ್ತುತ್ತ ಅವಳ ಎದೆಯ ಹಾಲು ಸೋರಿ ಕುಪ್ಪಸ ತೊಯ್ದಿತ್ತು. ಕೂಸು ಹೋಯಿತೆಂದು ಮೈಗೆ ಯಾರು ಹೋಗಿ ಹೇಳಬೇಕು? ನಾನು ಅವಳ ಅತ್ತೆಯನ್ನು ಕೇಳಿಯೇ ಬಿಟ್ಟೆ, ಬಾಣಂತನ ಯಾಕೆ ಮಾಡಲಿಲ್ಲವೆಂದು. ಆಕೆ ಜಗಳಗಂಟಿಯಲ್ಲ. ಅಕ್ಕಿ ಆರಿಸುತ್ತ, ತಲೆ ಎತ್ತದೆ ಹೇಳಿದಳು: "ಕೂಸಿಲ್ಲದ ಬಾಣಂತನ ಯಾರ ಸಲುವಾಗಿ ತಂಗಿ?"

ಹಾಗಾದರೆ ಆ ಎಣ್ಣೆ, ಆ ನೀರು, ಆ ಅಂಟಿನ ಉಂಡಿ ಯಾವುದೂ ಯಾವತ್ತೂ ಹೆಣ್ಣಿಗಾಗಿ ಇರಲೇ ಇಲ್ಲ. ಹಾಲು ಬರಲಿ ಎಂದು ಎಮ್ಮೆಗೆ ಹಿಂಡಿ ಇಡುತ್ತಾರಲ್ಲ, ಅಷ್ಟೇ ಅದು. ಈ ಮಾತು ನನಗೆ ಅಂದು ಹೊಳೆಯಿತು. ಇಂದಿಗೂ ನನ್ನ ಹೊಟ್ಟೆ ಉರಿಯುವುದು ಇದಕ್ಕೇ.

ಅಕ್ಕ ಒಳಗಿನಿಂದ ಅತ್ತೆಯ ಮಾತು ಕೇಳಿಸಿಕೊಂಡಿದ್ದಳು. ರಾಟಿ ನಿಲ್ಲಿಸಿ ಎದ್ದಳು. ಒಂದು ಹಳೆಯ ಧೋತರದ ತುಂಡು ಹರಿದು, ತಾನೇ ತನ್ನ ತಲೆಗೆ ಕಿವಿ ಮುಚ್ಚುವ ಹಾಗೆ ಬಾಣಂತಿಯಂತೆ ಕಟ್ಟಿಕೊಂಡಳು. "ನಡಿ, ಅಂಗಡಿಗಿ ಹೋಗಿ ಬರೂಣು" ಎಂದಳು. ಹಸಿಬಾಣಂತಿ ಹೊಸ್ತಿಲು ದಾಟಬಾರದು. ದಾಟಿದಳು. ನಡು ಹಗಲಲ್ಲಿ, ಬನಹಟ್ಟಿಯ ಓಣಿಯಲ್ಲಿ, ಗೋಡೆ ಹಿಡಿದು ನಡೆದಳು. ಕಟ್ಟೆಯ ಮೇಲಿನ ಹೆಂಗಸರು ಎದ್ದು ನಿಂತು ನೋಡಿದರು.

ಅಲ್ಲಿನ ಸಾವಕಾರ ಯಾರಿಗೋ ಸಕ್ಕರೆ ತೂಗುತ್ತಿದ್ದ. ಅಂಗಡಿಯ ಮುಂದೆ ನಾಲ್ಕಾರು ಗಂಡಸರು ನಿಂತಿದ್ದರು.

"ಬಾಣಂತಿ ಸಾಮಾನು ಕೊಡ್ರಿ," ಎಂದಳು ಅಕ್ಕ.

ಆ ಮಾತು ಬಿದ್ದೊಡನೆ ಕೇಳುವ ಪ್ರಶ್ನೆಯೊಂದು ಅವನ ಬಾಯಲ್ಲಿ ಸದಾ ಸಿದ್ಧವಾಗಿರುತ್ತಿತ್ತು. ತಲೆ ಎತ್ತದೆ ಕೇಳಿದ: "ಗಂಡೋ ಹೆಣ್ಣೋ?"

ಆಮೇಲೆ ತಲೆ ಎತ್ತಿದ. ಅಕ್ಕನ ಗುರುತು ಹತ್ತಿತು. ಕೈಯಲ್ಲಿನ ಸಕ್ಕರೆ ಕೈಯಲ್ಲೇ ಉಳಿಯಿತು.

"ಕೂಸು ಹೋತ್ರಿ," ಎಂದಳು ಅಕ್ಕ. "ನಾ ಉಳದೇನಿ. ಸಾಮಾನು ನನಗಽ."

ಅವನು ಅಳವಿ ಕಟ್ಟಿದ, ಅಂಟು ಕಟ್ಟಿದ, ಕೊಬ್ಬರಿ ಕಟ್ಟಿದ. ಬೆಲ್ಲದ ಪೆಂಟಿಯ ಹಿಂದೆ ಮಾತ್ರ ಕೈ ಹೋಗಲಿಲ್ಲ. ಅಕ್ಕ ಕಾಯುತ್ತ ನಿಂತಳು.

"ಅದು ಬೇಕಾದ್ರ ಮನ್ಯಾನ ಗಂಡಸರ್ನ ಕಳಸಬೇ ಯವ್ವಾ," ಎಂದ.

"ಯಾಕ್ರಿ? ಹೋದ ಸಲ ಬಾಜೂ ಮನ್ಯಾಕಿಗಿ ಕೊಟ್ಟೀರಲ್ಲ?"

"ಕೂಸಿದ್ರ ಅದು ಔಷಧ. ಕೂಸಿಲ್ಲಂದ್ರ ಸೆರಿ. ಹೆಣ್ಮಕ್ಕಳಿಗಿ ನಾ ಸೆರಿ ಮಾರಂಗಿಲ್ಲ."

ನ್ಯಾಯ ನೋಡಿ! ಬಾಟಲಿ ಅದೇ, ಅದರೊಳಗಿನದೂ ಅದೇ, ಕೇಳುವ ಹೆಣ್ಣೂ ಹಡೆದವಳೇ. ನನಗೆ ತಡೆಯಲಾಗಲಿಲ್ಲ. "ನಮ್ಮ ಭಾವ ದಿನಾ ಕುಡೀತಾನಲ್ರಿ, ಅಂವ ಯಾವಾಗ ಹಡದಾನ?" ಎಂದುಬಿಟ್ಟೆ. ನಿಂತ ಗಂಡಸರು ಹೋ ಎಂದು ನಕ್ಕರು. ಸಾವಕಾರನೂ ನಕ್ಕ. ಅಕ್ಕ ಪುಡಿಕೆಗಳನ್ನು ಅಲ್ಲೇ ಬಿಟ್ಟು ತಿರುಗಿದಳು.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸಂಜೆ ಭಾವ ಬಂದ. "ನಮ್ಮ ಮನಿ ಹೆಂಗಸು ಅಂಗಡ್ಯಾಗ ನಿಂತು ಸೆರಿ ಬೇಡ್ತಾಳಂತ! ನಾ ಹ್ಯಾಂಗ ಮಾರಿ ಎತ್ತಿ ಅಡ್ಡ್ಯಾಡ್ಲಿ?" ಎಂದು ಕೂಗಾಡಿದ. ಕೂಗಿದ ಬಾಯಿಂದ ಬಂದ ವಾಸನೆಗೆ ನಾನು ಎರಡು ಹೆಜ್ಜೆ ಹಿಂದೆ ಸರಿಯಬೇಕಾಯಿತು. ಮರುದಿನ ನನ್ನನ್ನು ಜಮಖಂಡಿ ಬಸ್ಸು ಹತ್ತಿಸಿದರು. ಓಣಿಯವರು ಅಕ್ಕನಿಗೆ ಬಹಳ ದಿನ "ಕುಡಕಿ" ಎಂದರು. ಸೊಂಟ ಅಂದಿನಿಂದ ಹಿಡಿದದ್ದು ಇಂದಿಗೂ ಬಿಟ್ಟಿಲ್ಲ.

ಆ ಸಿಹಿ ನೀರಿನಿಂದ ರಕ್ತ ಬರುತ್ತದೆಂದು ನಾನೇನೂ ನಂಬುವುದಿಲ್ಲ. ಡಾಕ್ಟರರನ್ನು ಕೇಳಿದೆ, ಅವರೂ ನಕ್ಕರು. ಜಗಳ ರಕ್ತದ್ದಲ್ಲ. ಹಡೆದವಳಿಗೆ ಕೊಡುವುದನ್ನು ಹಡೆದವಳಿಗೆ ಕೊಡಲಿಲ್ಲ, ಅಷ್ಟೇ ನನ್ನ ತಕರಾರು.

ಗೋವಾದ ಅಂಗಡಿಯಲ್ಲಿ ಅಂಥದೇ ಒಂದು ಬಾಟಲಿಯನ್ನು ಕೊಂಡೆ. "ಪೇಪರು ಸುತ್ತಬೇಡಿ" ಎಂದು ನನ್ನ ಹರಕು ಹಿಂದಿಯಲ್ಲಿ ಗದರಿದೆ. ಪಾಪ, ಅವನು ಸುತ್ತಲು ಹೊರಟೇ ಇರಲಿಲ್ಲ. ಹೊರಗೆ ಬಂದು ಅದನ್ನು ಅಕ್ಕನ ಉಡಿಯಲ್ಲಿಟ್ಟೆ. ಇಲ್ಲಿ ಬೇಳೆಯ ಜೊತೆ ಮಾರುತ್ತಾರೆ ನೋಡು ಎಂದು ಶುರುಮಾಡಿ, ಬನಹಟ್ಟಿಯ ಸಾವಕಾರನಿಗೆ ಬಾಯಿಗೆ ಬಂದಂತೆ ಬೈದೆ. ದಾರಿಹೋಕರು ತಿರುಗಿ ನೋಡಿದರು. ಅಕ್ಕ ಬಾಟಲಿಯನ್ನು ಪಕ್ಕಕ್ಕಿಟ್ಟಳು.

"ಅಂವಗ ಬೈಬ್ಯಾಡ," ಎಂದಳು.

"ಯಾಕ ಬೈಬಾರದು? ಅಂವೇನು ನಿನ್ನ ತಮ್ಮನಽ?"

"ಗಂಡೋ ಹೆಣ್ಣೋ ಅಂತ ಕೇಳಿದಾಂವ ಅಂವ ಒಬ್ಬನಽ. ರೂಢಿ ಮ್ಯಾಲ ಬಾಯಿಗಿ ಬಂದಿರಬೇಕು. ಆದ್ರೂ ಕೇಳಿದ. ಮತ್ತ್ಯಾರು ಕೇಳ್ಯಾರ ಹೇಳು? ನೀನೂ ಬಾಟ್ಲಿ ಸಲುವಾಗಿ ಜಗಳಾಡಿದಿ, ಕೂಸಿಂದು ಕೇಳಲಿಲ್ಲ."

ಇಷ್ಟು ವರ್ಷ ಅಕ್ಕನ ಪರವಾಗಿ ಸಿಟ್ಟಾಗಿದ್ದೇನೆ ಎಂದುಕೊಂಡಿದ್ದೆ. ಅವಳ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತೆ.

"ಹ್ಯಾಂಗಿತ್ತಕ್ಕಾ ಕೂಸು?"

ಅಕ್ಕ ಸೆರಗು ಸರಿಮಾಡಿಕೊಂಡಳು.

"ಹೆಣ್ಣು. ಮೂರನೇದೂ ಹೆಣ್ಣಂತ ನಿಮ್ಮ ಭಾವ ಮಾರಿ ಸೈತ ನೋಡಲಿಲ್ಲ. ನಾ ನೋಡೇನಿ. ತಲಿ ತುಂಬ ಕೂದಲಿದ್ದೂ."