ಗಂಟಲಲ್ಲಿ ನಿಂತ ಒಂದು ಚಮಚ

ಆ ಬೀದಿಯವರಿಗೆಲ್ಲ ಅವಳು ಟೈಲರಕ್ಕ. ಬೇಕರಿಯ ಮೇಲಿನ ಪುಟ್ಟ ಕೋಣೆಯೇ ಅವಳ ಅಂಗಡಿ. ಕಿಟಕಿಯ ಬೆಳಕಿಗೆ ಹೊಲಿಗೆ ಯಂತ್ರ, ಗೋಡೆಯ ಮೊಳೆಗಳಲ್ಲಿ ಅರ್ಧ ಹೊಲಿದ ಅಂಗಿಗಳು. ಕತ್ತರಿ ಹಿಡಿದರೆ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. "ಬಟ್ಟೆ ಕುಗ್ಗಿಲ್ಲ ಕಣ್ರೀ, ನೀವು ಹಿಗ್ಗಿದೀರಿ" ಎಂದು ಗಿರಾಕಿಯ ಮುಖಕ್ಕೇ ಹೇಳಿ ನಗಿಸುವವಳು.

ಊಟಕ್ಕೆ ಕೂತರೆ ಮಾತ್ರ ಆಮೆ. ಒಂದೊಂದು ತುತ್ತನ್ನೂ ನುಣ್ಣಗೆ ಅಗಿದು, ಮೇಲೆ ಒಂದು ಗುಟುಕು ನೀರು ಕುಡಿದು, ಯಾರೂ ನೋಡದಂತೆ ಎದೆ ನೀವಿಕೊಳ್ಳುವಳು. ನೆಂಟರು ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುವಳು. ಬಸ್ ಓಡಿಸುವ ಗಂಡ ಛೇಡಿಸುತ್ತಿದ್ದ: "ನೀನು ಕೈ ತೊಳೆಯೋ ಹೊತ್ತಿಗೆ ನಂಗೆ ಮತ್ತೆ ಹಸಿವಾಗುತ್ತೆ ಮಾರಾಯ್ತಿ!" ಅವಳೂ ನಗುತ್ತಿದ್ದಳು. ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಮಾತ್ರ ಯಾರಿಗೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಒಂದು ದಿನ ನಾದಿನಿ ಚಿಯಾ ಬೀಜದ ಡಬ್ಬಿ ಹಿಡಿದು ಬಂದಳು. "ಅತ್ತಿಗೆ, ಕೂತಲ್ಲೇ ಕೂತು ಹೊಟ್ಟೆ ಕಟ್ಟುತ್ತೆ ಅಂತೀರಲ್ಲ, ಇದನ್ನ ತಿಂದು ನೋಡಿ."

"ಸಾಸಿವೆಗೆ ತಮ್ಮ ಹುಟ್ಟಿದ ಹಾಗಿದೆಯಲ್ಲೇ ಇದು!"

"ನೆನೆಹಾಕಿ ತಿನ್ನಬೇಕು" ಎಂದು ನಾದಿನಿ ಮೆಟ್ಟಿಲಿಳಿಯುತ್ತ ಕೂಗಿದ್ದು ಯಂತ್ರದ ಸದ್ದಿನಲ್ಲಿ ಮುಳುಗಿಹೋಯಿತು.

ಮರುದಿನ ಬೆಳಿಗ್ಗೆ ಶಾಲೆಯ ಸಮವಸ್ತ್ರ ಮುಗಿಸುವ ಅವಸರ. ಟೈಲರಕ್ಕ ಒಂದು ಚಮಚ ಒಣ ಬೀಜವನ್ನು ಹಾಗೇ ಬಾಯಿಗೆ ಸುರಿದುಕೊಂಡು ಗಟಗಟ ನೀರು ಕುಡಿದಳು. ಸ್ವಲ್ಪ ಹೊತ್ತಿಗೆ ಎದೆಯ ನಡುವೆ ಕಲ್ಲು ಕೂತಂತಾಯಿತು. ಇನ್ನೊಂದು ಗುಟುಕು ನೀರು ಕುಡಿದರೆ ಅದು ಹಾಗೇ ವಾಪಸ್ ಬಂತು. ಉಸಿರಾಟಕ್ಕೆ ತೊಂದರೆಯಿರಲಿಲ್ಲ, ಆದರೆ ಎಂಜಲೂ ಇಳಿಯುತ್ತಿರಲಿಲ್ಲ. ಹೆದರಿದ ಮಗಳು ಅಪ್ಪನಿಗೆ ಫೋನ್ ಮಾಡಿ, ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದಳು.

ಡಾಕ್ಟರಮ್ಮ ಕ್ಯಾಮೆರಾ ಇರುವ ಸಣ್ಣ ಕೊಳವೆಯನ್ನು ಗಂಟಲಿನೊಳಗೆ ಇಳಿಸಿ, ಅಂಟಿನಂತೆ ಊದಿ ಕೂತಿದ್ದ ಮುದ್ದೆಯನ್ನು ತೆಗೆದರು. ಮಂಪರು ಇಳಿದ ಮೇಲೆ ಹತ್ತಿರ ಬಂದು ಕೂತರು.

"ಈ ಬೀಜ ನೀರು ಹೀರ್ಕೊಂಡು ಊದುತ್ತಮ್ಮ. ಅದು ಊದೋದಿದ್ರೆ ಲೋಟದಲ್ಲಿ ಊದಲಿ, ಗಂಟಲಲ್ಲಿ ಬೇಡ. ಅದಿರಲಿ, ಮುಂಚೆನೂ ತುತ್ತು ಸಿಕ್ಕಿಕೊಳ್ತಿತ್ತಾ?"

ಟೈಲರಕ್ಕ ಗಂಡನ ಮುಖ ನೋಡಿದಳು. "ಹೂಂ. ಬಹಳ ವರ್ಷದಿಂದ."

ಗಂಡ ಹಣೆ ಚಚ್ಚಿಕೊಂಡ. "ನಾನು ಅದನ್ನೇ ತಮಾಷೆ ಮಾಡ್ಕೊಂಡಿದ್ದೆನಲ್ಲೇ! ಯಾಕೆ ಹೇಳ್ಲಿಲ್ಲ?"

"ದೊಡ್ಡ ಕಾಯಿಲೆ ಅಂದುಬಿಟ್ರೆ ಅಂತ ಭಯ ಆಯ್ತು."

ದೊಡ್ಡ ಕಾಯಿಲೆ ಇರಲಿಲ್ಲ. ಹೊಟ್ಟೆಯ ಹುಳಿ ಮೇಲೆ ಬಂದೂ ಬಂದೂ ಅನ್ನನಾಳ ಒಂದು ಕಡೆ ಕಿರಿದಾಗಿತ್ತು, ಅಷ್ಟೇ. ಅದನ್ನು ಹಿಗ್ಗಿಸಬಹುದು, ಮಾತ್ರೆ ಕೊಡಬಹುದು ಎಂದರು ಡಾಕ್ಟರಮ್ಮ.

"ಡಾಕ್ಟ್ರೇ, ಆ ಬೀಜ ನಾನು ತಿನ್ಬಹುದಾ?" ಗಂಡ ಮೆಲ್ಲಗೆ ಕೇಳಿದ. "ನಾನು ರಕ್ತ ತೆಳುವಾಗೋ ಮಾತ್ರೆ ತಗೊಳ್ತೀನಿ."

"ಕೇಳಿದ್ದು ಒಳ್ಳೇದಾಯ್ತು. ಆ ಮಾತ್ರೆಯವರು, ಬಿಪಿ, ಶುಗರ್ ಮಾತ್ರೆಯವರು ತಮ್ಮ ಡಾಕ್ಟರನ್ನ ಕೇಳಿಯೇ ತಿನ್ನಬೇಕು. ಕರುಳಿನ ತೊಂದರೆ ಇರೋರೂ ಅಷ್ಟೇ. ನುಂಗೋಕೆ ಕಷ್ಟ ಇರೋರಿಗೆ ಸದ್ಯಕ್ಕೆ ಬೇಡವೇ ಬೇಡ. ಮಿಕ್ಕವರು ಚೆನ್ನಾಗಿ ನೆನೆಸಿ, ಮೊದಮೊದಲು ಸ್ವಲ್ಪ ಸ್ವಲ್ಪವೇ ತಿನ್ನಲಿ, ನೀರು ಧಾರಾಳವಾಗಿ ಕುಡೀಲಿ."

ವಿಷಯ ತಿಳಿದ ನಾದಿನಿ ಅಳುತ್ತ ಬಂದಳು. "ನಾನೇ ನಿಮ್ಮನ್ನ ಕೊಂದುಬಿಡ್ತಿದ್ದೆ ಅತ್ತಿಗೆ!"

"ಹೋಗೇ ಹುಚ್ಚಿ! ನೀನು ಆ ಡಬ್ಬಿ ತರದಿದ್ರೆ ನಾನು ಸಾಯೋವರೆಗೂ ಬಾಯಿ ಮುಚ್ಕೊಂಡಿರ್ತಿದ್ದೆ."

ಚಿಕಿತ್ಸೆ ಮುಗಿದು, ಇನ್ನು ಗಟ್ಟಿ ಆಹಾರ ತಿನ್ನಬಹುದು ಎಂದು ಡಾಕ್ಟರಮ್ಮ ಹೇಳಿದ ದಿನ ಕೆಳಗಿನ ಬೇಕರಿಯಿಂದ ಬಿಸಿ ಬ್ರೆಡ್ ಬಂತು. ಟೈಲರಕ್ಕ ಅದರ ಗರಿಗರಿ ಅಂಚನ್ನೇ ಮುರಿದುಕೊಂಡಳು. ಮನೆಯವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು. "ಇದೇನು ಸರ್ಕಸ್ಸಾ? ನಿಮ್ಮ ನಿಮ್ಮ ತಟ್ಟೆ ನೋಡ್ಕೊಳ್ಳಿ" ಎಂದು ಗದರಿದಳು. ತುತ್ತು ಸಲೀಸಾಗಿ ಇಳಿದಾಗ ಕಣ್ಣು ಮಾತ್ರ ತುಂಬಿ ಬಂತು.

ಈಚೆಗೆ ಪ್ಯಾಂಟಿನ ಅಳತೆ ಕೊಡಲು ಬಂದ ಮುದುಕರೊಬ್ಬರು ಬಿಸ್ಕತ್ತು ತಿನ್ನುತ್ತ ಎದೆ ನೀವಿಕೊಂಡರು. ಟೈಲರಕ್ಕನ ಕೈ ನಿಂತಿತು.

"ಎಷ್ಟು ದಿನದಿಂದ ಹೀಗೆ, ಅಜ್ಜ?"

"ವಯಸ್ಸಾಯ್ತಲ್ಲಮ್ಮ, ಇದ್ದದ್ದೇ."

ಅವಳು ಟೇಪನ್ನು ಕೊರಳಿಂದ ತೆಗೆದಿಟ್ಟು ಚಪ್ಪಲಿ ಮೆಟ್ಟಿದಳು. "ಪ್ಯಾಂಟು ಎಲ್ಲೂ ಓಡಿಹೋಗಲ್ಲ. ಏಳಿ, ಡಾಕ್ಟರಮ್ಮ ಇನ್ನೂ ಇರ್ತಾರೆ."