ದೂರದ ಸೂರ್ಯನ ಗ್ರಹಣ

ನವುಲೆಯ ಯಜ್ಞನಾರಾಯಣ ಮೇಷ್ಟ್ರ ಮನೆಗೆ ಊಟಕ್ಕೆ ಹೋಗುವವರು ಮೊದಲೇ ಫೋನ್ ಮಾಡಿ, ‘ಇವತ್ತು ಗ್ರಹಣ ಇಲ್ಲ ತಾನೇ ಮೇಷ್ಟ್ರೇ?’ ಎಂದು ಕೇಳಿಕೊಳ್ಳುವುದು ಕ್ಷೇಮ. ನಮ್ಮ ಸೂರ್ಯನ ಗ್ರಹಣವಲ್ಲ. ನೂರಾರು ಜ್ಯೋತಿರ್ವರ್ಷ ದೂರದಲ್ಲಿ ನಮ್ಮ ಸೂರ್ಯನಂಥದೇ ನಕ್ಷತ್ರವೊಂದಿದೆಯಂತೆ. ಹತ್ತೊಂಬತ್ತು ದಿನಕ್ಕೊಮ್ಮೆ ಅದರದೇ ಗ್ರಹವೊಂದು ಅದರ ಮುಂದೆ ಹಾದುಹೋಗಿ, ಬೆಳಕು ಕೂದಲೆಳೆಯಷ್ಟು ಮಂಕಾಗುತ್ತದಂತೆ. ಇದನ್ನು ಓದಿದ ದಿನದಿಂದ ಮೇಷ್ಟ್ರು ಸ್ಪರ್ಶಕಾಲ, ಮೋಕ್ಷಕಾಲ ಲೆಕ್ಕ ಹಾಕಿ ಕ್ಯಾಲೆಂಡರಿನ ತುಂಬ ಕೆಂಪು ಗುರುತು ಹಾಕಿದ್ದಾರೆ. ಆ ಐದು ಗಂಟೆ ಒಲೆ ಹಚ್ಚುವಂತಿಲ್ಲ. ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ, ಫ್ರಿಜ್ಜಿನ ಮೇಲೆ ದರ್ಭೆ, ಒಮ್ಮೆ ಮಿಕ್ಸಿಯ ಮೇಲೂ ಇತ್ತು. ‘ಕಣ್ಣಿಗೆ ಕಾಣದ ಗ್ರಹಣಕ್ಕೆ ಆಚರಣೆ ಇಲ್ಲ ಅಂತ ನೀವೇ ಊರಿಗೆಲ್ಲ ಹೇಳ್ತಿದ್ರಿ’ ಎಂದು ಹೆಂಡತಿ ಮೀರಮ್ಮ ಹಸಿದು ಸಿಡುಕಿದರೆ, ‘ದುರ್ಬೀನಿಗೆ ಕಾಣುತ್ತಲ್ಲ ಮಾರಾಯ್ತಿ, ಅದೂ ಕಣ್ಣೇ’ ಎನ್ನುತ್ತ ಸ್ನಾನಕ್ಕೆ ನಡೆಯುತ್ತಾರೆ. ಮಿಂದು ಬಂದು ಹಿತ್ತಲಲ್ಲಿ ಅಪ್ಪನಿಗೆ, ಅಜ್ಜನಿಗೆ, ಮುತ್ತಜ್ಜನಿಗೆ ಎಳ್ಳುನೀರು ಬಿಡುತ್ತಾರೆ. ಕೊನೆಯ ಬೊಗಸೆ, ನೀರು ಬಿಡಲು ಯಾರೂ ಇಲ್ಲದೆ ಸತ್ತವರಿಗೆ. ಮೇಷ್ಟ್ರಿಗೂ ಮಕ್ಕಳಿಲ್ಲ. ಹೋದ ತಿಂಗಳು ಆ ಬೊಗಸೆಯ ಹೊತ್ತಿಗೆ ಮೀರಮ್ಮ, ‘ಆ ಸೂರ್ಯ ನಮಗೇನಾಗ್ಬೇಕು ಅಂತ ಇಷ್ಟೆಲ್ಲ?’ ಎಂದು ಕೇಳಿಯೇಬಿಟ್ಟರು. ಮೇಷ್ಟ್ರು ಕೈ ಒರೆಸಿಕೊಂಡು, ‘ಅಲ್ಲಿಂದ ನೋಡಿದ್ರೆ ನಮ್ಮ ಭೂಮಿನೂ ಸೂರ್ಯನ ಮುಂದೆ ಹಾದುಹೋಗುತ್ತೆ ಕಣೆ. ಅಲ್ಲೂ ನನ್ನಂಥ ಹುಚ್ಚ ಒಬ್ಬ ಇದ್ರೆ, ಕೊನೇ ಬೊಗಸೆ ನಮಗೆ ಬಿಡ್ತಾನೆ’ ಎಂದರು. ಅದರ ಮುಂದಿನ ಗ್ರಹಣಕ್ಕೆ ಮಿಕ್ಸಿಯ ಮೇಲೆ ದರ್ಭೆ ಇಟ್ಟವರು ಮೀರಮ್ಮ.